ತಳದ ಮೀನಿಗೆ ತುತ್ತಿಡುವ ಉಡಚಮ್ಮ

ಬೆಳಗಿನ ಐದೂ ಮುಕ್ಕಾಲು. ಚನ್ನಗಿರಿಯ ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನವರ ಪಡಸಾಲೆಯಲ್ಲಿ, ಐದಡಿ ಉದ್ದದ ಗಾಜಿನ ತೊಟ್ಟಿಯ ಪಕ್ಕ, ಉಡಚಮ್ಮ ಮರದ ಮಣೆ ಹತ್ತಿ ನಿಂತಿದ್ದಾರೆ. ಬಲಗೈಯಲ್ಲಿ ಹಿಡಿದ ಗಾಜಿನ ಕೊಳವೆ ನೀರಿನೊಳಗೆ ಇಳಿದು, ತಳದ ಮರಳಿಗೆ ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲುತ್ತದೆ. ಎಳ್ಳಿನ ಗಾತ್ರಕ್ಕೆ ಹೆಚ್ಚಿದ ಸೀಗಡಿಯ ಚೂರನ್ನು ಕೊಳವೆಯ ಮೇಲ್ತುದಿಗೆ ಒಂದೊಂದಾಗಿ ಬಿಡುತ್ತಾರೆ. ಚೂರು ಕೊಳವೆಯೊಳಗೇ ಜಾರಿ, ಮರಳಲ್ಲಿ ಹೊಟ್ಟೆ ಊರಿ ಕೂತ ಬೆರಳುದ್ದದ ಮೀನಿನ ಬಾಯಿ ಮುಂದೆ ಬೀಳುತ್ತದೆ. ಮೀನು ಅದನ್ನು ನೋಡುತ್ತದೆ, ಮುಟ್ಟುವುದಿಲ್ಲ. ಉಡಚಮ್ಮ ಕಾಯುತ್ತಾರೆ. ಮೇಲಿನಿಂದ ಹಳದಿ ಪಟ್ಟೆಯ ಮೀನೊಂದು ನುಗ್ಗಿ ಬಂದರೆ ಎಡಗೈ ಅದ್ದಿ ಅಡ್ಡ ಹಿಡಿಯುತ್ತಾರೆ. ಕೊನೆಗೆ ತಳದ ಮೀನು ಒಂದಂಗುಲ ಮುಂದೆ ಸರಿದು, ಮರಳಿನ ಸಮೇತ ಚೂರನ್ನು ಬಾಯಿಗೆ ಎಳೆದುಕೊಂಡು, ಮರಳನ್ನಷ್ಟೇ ಕಿವಿರಿನಿಂದ ಉದುರಿಸುತ್ತದೆ. ಒಂದು ಮುಗಿಯಿತು. ಇನ್ನು ಆರು ಬಾಕಿ.

"ಮೇಲಿನವು ಭಂಡವು. ಎಷ್ಟು ಹಾಕಿದ್ರೂ ಅವೇ ತಿಂತಾವೆ. ಈ ತಳದವು ನಾಚ್ಕೆ ಸ್ವಭಾವದವು. ಬಾಯಿ ಮುಂದೆ ಇಟ್ಟು, ತಿನ್ನೋತನಕ ನಿಂತ್ಕಾಬೇಕು. ಇಲ್ಲಾಂದ್ರೆ ತೊಟ್ಟಿ ತುಂಬ ಊಟ ಇದ್ರೂ ಹಸ್ಕಂಡು ಸಾಯ್ತಾವೆ," ಎನ್ನುತ್ತಾರೆ ಉಡಚಮ್ಮ. ಕಣ್ಣು ತೊಟ್ಟಿಯ ಮೇಲೇ ಇದೆ.

ಒಂದು ಹೊತ್ತಿನ ಊಟ ಮುಗಿಸಲು ನಲವತ್ತು ನಿಮಿಷ ಬೇಕು. ದಿನಕ್ಕೆ ಮೂರು ಹೊತ್ತು. ತೊಟ್ಟಿಯಲ್ಲಿ ಎಣ್ಣೆ ಡಬ್ಬದ ಅಳತೆಯಲ್ಲಿ ಇಪ್ಪತ್ತು ಡಬ್ಬ ಉಪ್ಪುನೀರು. ಆವಿಯಾಗಿ ಇಳಿದಷ್ಟು ಸಿಹಿನೀರನ್ನು ಪ್ರತಿದಿನ ಸೇರಿಸಬೇಕು, ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ತಿಂಗಳಿಗೆರಡು ಸಲ ಐದು ಡಬ್ಬ ಹಳೇ ನೀರು ತೆಗೆದು ಹೊಸದು ತುಂಬಬೇಕು. ಗಾಜು ಒರೆಸಬೇಕು, ಹವಳದ ಕಲ್ಲಿನ ಸಂದಿಯ ಕೊಳೆ ತೆಗೆಯಬೇಕು. ವಾರಕ್ಕೆರಡು ಬಾರಿ ಬಸ್ಸು ಹತ್ತಿ ಸೂಳೆಕೆರೆಗೆ ಹೋಗಿ ಜೀವಂತ ಸೀಗಡಿ ತರಬೇಕು. ಎಂಟು ವರ್ಷದಿಂದ ಇದಿಷ್ಟನ್ನೂ ಮಾಡುತ್ತಿರುವವರು ಇವರೊಬ್ಬರೇ. ಆದರೆ ಚನ್ನಗಿರಿಯಲ್ಲಿ ಈ ತೊಟ್ಟಿಯ ಬಗ್ಗೆ ಯಾರನ್ನೇ ಕೇಳಿ, "ಪಂಚಾಕ್ಷರಪ್ಪನೋರು ಭಾಳ ಚೆನ್ನಾಗಿ ಸಾಕ್ಯಾರೆ" ಎಂಬ ಉತ್ತರ ಬರುತ್ತದೆ.

ಸಮುದ್ರವೇ ಕಾಣದ ಈ ಊರಿಗೆ ಸಮುದ್ರದ ಮೀನು ಬಂದದ್ದು ೧೯೭೮ರ ದೀಪಾವಳಿ ಕಳೆದ ಮೇಲೆ. ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿದ್ದ ಪಂಚಾಕ್ಷರಪ್ಪನವರು ಅಲ್ಲಿನ ಸೇಠ್ ಒಬ್ಬರ ಮನೆಯಲ್ಲಿ ಇಂಥದೊಂದು ತೊಟ್ಟಿ ನೋಡಿ ಮರುಳಾದರು. ಎರಡೇ ತಿಂಗಳಲ್ಲಿ ಗಾಜಿನ ತೊಟ್ಟಿ, ಹವಳದ ಕಲ್ಲು, ಗಾಳಿ ಊದುವ ಮೋಟಾರು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮೀನು ಎಲ್ಲವೂ ರೈಲು, ಲಾರಿ ಹತ್ತಿ ಬಂದವು. ನೀರಿಗೂ ದಾರಿಯಾಯಿತು. ಮಂಗಳೂರಿಗೆ ಅಡಿಕೆ ಹೊತ್ತು ಹೋದ ಲಾರಿ ವಾಪಸು ಬರುವಾಗ ಎಂಟು ಕ್ಯಾನು ಸಮುದ್ರದ ನೀರು ತರತೊಡಗಿತು. ಅದು ಸಾಲದಿದ್ದಾಗ ಬಾವಿ ನೀರಿಗೆ ಕಲಸಲು ಬೊಂಬಾಯಿಯಿಂದ ಉಪ್ಪಿನ ಪುಡಿ ಬಂತು. ಸಂತೇಬೆನ್ನೂರು, ತ್ಯಾವಣಿಗೆಯಿಂದೆಲ್ಲ ನೆಂಟರು ಬಂದು ನೋಡಿ ಹೋದರು.

ಒಂದು ವಿಷಯವನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಈ ಮೀನುಗಳು ಮಾಂಸ ತಿನ್ನುತ್ತವೆ. ಪಂಚಾಕ್ಷರಪ್ಪನವರದು ದಿನಾ ಲಿಂಗಪೂಜೆ ನಡೆಯುವ ಮನೆ, ಅಲ್ಲಿ ಕೋಳಿಮೊಟ್ಟೆ ಸಹ ಹೊಸಿಲು ದಾಟಿದ್ದಿಲ್ಲ. ಸೀಗಡಿ ಎಂಬ ಮಾತು ಕೇಳಿಯೇ ಅವರ ಹೆಂಡತಿ ರುದ್ರಾಣಮ್ಮ ಮೂಗಿಗೆ ಸೆರಗು ಹಿಡಿದರು. ಅಡುಗೆಯ ಸಿದ್ದಲಿಂಗಮ್ಮ, ಅದನ್ನು ಮುಟ್ಟು ಅಂದರೆ ಕೆಲಸ ಬಿಟ್ಟು ಹೋಗುತ್ತೇನೆ ಎಂದರು. ಮೊದಲು ಬಂದ ಮೀನಿಗೆ ಚಪಾತಿ ಚೂರು, ಕಡಲೆಹಿಟ್ಟು ಹಾಕಿದರು. ಇಪ್ಪತ್ತು ದಿನದಲ್ಲಿ ತೊಟ್ಟಿ ಖಾಲಿಯಾಯಿತು. ಎರಡನೆಯ ಸಲ ಮೀನು ತರಿಸಿದಾಗ ಪಂಚಾಕ್ಷರಪ್ಪನವರು ಹಿತ್ತಲ ಕಡೆ ತಿರುಗಿ ಕೂಗಿದರು, "ಏ ಉಡಚಿ, ಬಾ ಇಲ್ಲಿ. ನಿಮ್ಮ ಮನೇಲಿ ಸೀಗಡಿ ತಿಂತೀರಲ್ಲ?"

"ತಿಂತೀವಿ ಸಾವ್ಕಾರ್ರೆ ಅಂದೆ. ಅಷ್ಟೇ ನೋಡ್ರಿ, ಕೆಲ್ಸ ಸಿಕ್ತು," ಎಂದು ಉಡಚಮ್ಮ ನಗುತ್ತಾರೆ.

ಊರ ಹೊರಗಿನ ದಲಿತರ ಕೇರಿಯ ಉಡಚಮ್ಮನಿಗೆ ಈಗ ನಲವತ್ತೆಂಟೋ ಐವತ್ತೋ. ತವರು ನ್ಯಾಮತಿ. ಗಂಡ ಚಿಕ್ಕಹನುಮಂತಪ್ಪ ಮಂಡಿಯಲ್ಲಿ ಅಡಿಕೆ ಮೂಟೆ ಹೊರುತ್ತಾರೆ. ಇದೇ ಮನೆಯ ಹಿತ್ತಲಲ್ಲಿ ಸಗಣಿ ಬಾಚುತ್ತ ಅದಾಗಲೇ ಹನ್ನೆರಡು ವರ್ಷ ಕಳೆದಿದ್ದ ಉಡಚಮ್ಮ, ಪಡಸಾಲೆಯ ನೆಲ ಮೆಟ್ಟಿದ್ದು ಮೀನು ಬಂದ ಮೇಲೆ. ಅದಕ್ಕೂ ದಾರಿ ಗೊತ್ತು ಮಾಡಿ ಕೊಟ್ಟರು. ಹಿತ್ತಲ ಬಾಗಿಲು, ದನದ ಕೊಟ್ಟಿಗೆ, ಉಗ್ರಾಣದ ಪಕ್ಕದ ಓಣಿ, ಅಲ್ಲಿಂದ ಪಡಸಾಲೆಯ ಮಗ್ಗುಲ ಬಾಗಿಲು. ಅಡುಗೆಮನೆ ಕಡೆ ತಿರುಗುವಂತಿಲ್ಲ. ಬಾವಿಕಟ್ಟೆ ಹತ್ತುವಂತಿಲ್ಲ. ಮೀನಿಗೆ ಬಾವಿ ನೀರು ಬೇಕೇ ಬೇಕು, ಯಾಕೆಂದರೆ ನಲ್ಲಿಯಲ್ಲಿ ಬರುವ ಔಷಧಿ ಹಾಕಿದ ನೀರು ಅವಕ್ಕೆ ಆಗುವುದಿಲ್ಲ. ಹಾಗಾಗಿ ದಿನವೂ ಬಕೆಟ್ ಹಿಡಿದು ಬಾವಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಸಿದ್ದಲಿಂಗಮ್ಮ ಒಲೆಯ ಮುಂದಿನಿಂದ ಪುರುಸೊತ್ತು ಮಾಡಿಕೊಂಡು ಬಂದು, ಸೇದಿ, ಬಕೆಟ್ಟಿಗೆ ಕೊಡ ತಗುಲದಂತೆ ಮೇಲಿಂದ ಸುರಿಯಬೇಕು. ಕೆಲವು ದಿನ ಅರ್ಧ ಗಂಟೆ, ಕೆಲವು ದಿನ ಒಂದೂವರೆ ಗಂಟೆ. ಅಸ್ಪೃಶ್ಯತೆ ಅಪರಾಧ ಎಂದು ಕಾನೂನಾಗಿ ಮೂವತ್ತು ವರ್ಷ ದಾಟಿದೆ. ಚನ್ನಗಿರಿಯ ಪೇಟೆಬೀದಿಯಲ್ಲಿ, ದೊಡ್ಡ ಮನುಷ್ಯರ ಮನೆಯಂಗಳದಲ್ಲಿ, ಆ ಕಾನೂನು ಹತ್ತು ಹೆಜ್ಜೆ ದೂರದಲ್ಲಿ ಬಕೆಟ್ ಹಿಡಿದೇ ನಿಂತಿತ್ತು.

ಮೀನಿನ ಜೊತೆ ಬೊಂಬಾಯಿಯಿಂದ ಸಾಕುವ ಕ್ರಮದ ಚೀಟಿಯೂ ಬಂದಿತ್ತು. ಅದು ಇಂಗ್ಲಿಷಿನಲ್ಲಿತ್ತು, ಪಂಚಾಕ್ಷರಪ್ಪನವರ ಮೇಜಿನ ಖಾನೆಯಲ್ಲಿ ಉಳಿಯಿತು. ಓದಿ ಹೇಳುವ ತಂಟೆಗೆ ಯಾರೂ ಹೋಗಲಿಲ್ಲ. ಉಡಚಮ್ಮ ನೋಡಿ ನೋಡಿ ಕಲಿತರು. ಮೂರು ತಿಂಗಳು ಬರೀ ಹೊಟ್ಟೆ ನೋಡಿದೆ ಎನ್ನುತ್ತಾರೆ. ಮೇಲೆ ಈಜುವ ಮೀನಿನ ಹೊಟ್ಟೆ ತುಂಬಿರುತ್ತಿತ್ತು, ತಳದ ಮೀನಿನ ಹೊಟ್ಟೆ ಮಾತ್ರ ದಿನೇ ದಿನೇ ಬೆನ್ನಿಗೆ ಅಂಟುತ್ತಿತ್ತು. ಹಾಕಿದ್ದು ಕೆಳಕ್ಕೆ ಹೋಗುತ್ತಲೇ ಇಲ್ಲ ಎಂದು ಗೊತ್ತಾದ ದಿನ ಕೇರಿಯ ಪರಂಗಿ ಗಿಡದಿಂದ ಒಂದು ಎಲೆ ಮುರಿದರು. ಪರಂಗಿ ಎಲೆಯ ತೊಟ್ಟು ಒಳಗೆ ಟೊಳ್ಳು. ಅದನ್ನು ಹಾಲು ಹೋಗುವಂತೆ ಎರಡು ದಿನ ತೊಳೆದು ಒಣಗಿಸಿ, ತಳದ ತನಕ ಇಳಿಸಿ, ಅದರೊಳಗಿಂದ ಸೀಗಡಿ ಚೂರು ಬಿಟ್ಟರು. ಗಾಜಿನ ಕೊಳವೆ ಬಂದದ್ದು ಎರಡು ವರ್ಷದ ಮೇಲೆ. ಅಲ್ಲಿಯವರೆಗೆ ಆ ತೊಟ್ಟಿಯ ಅರ್ಧ ಜೀವಗಳು ಬದುಕಿದ್ದು ಪರಂಗಿ ತೊಟ್ಟಿನಿಂದ.

ಹಸಿರು ನೀಲಿ ಚುಕ್ಕೆಯ, ರೆಕ್ಕೆ ಊರಿಕೊಂಡು ನಡೆಯುವಂತೆ ಓಡಾಡುವ ಒಂದು ಮೀನಂತೂ ಮಿಸುಕಾಡದ ಯಾವುದನ್ನೂ ತಿನ್ನುತ್ತಿರಲಿಲ್ಲ. ಅದಕ್ಕೆ ಪೊರಕೆಕಡ್ಡಿಯ ತುದಿಗೆ ಚೂರು ಚುಚ್ಚಿ, ಜೀವ ಇದ್ದ ಹಾಗೆ ಅಲ್ಲಾಡಿಸಿ ತಿನ್ನಿಸಿದರು. ಉಪ್ಪಿನ ಪ್ರಮಾಣ ಅಳೆಯುವ ತೇಲುಗಡ್ಡಿಯ ಮೇಲಿನ ಅಂಕಿಗಳು ಓದಲು ಬರುವುದಿಲ್ಲ. ಕೆಂಪು ಗೆರೆ ನೀರಿನ ಮಟ್ಟಕ್ಕೆ ಬರಬೇಕು ಎಂದು ತಾವೇ ಕಂಡುಕೊಂಡರು. ಈಗ ಕಡ್ಡಿ ಬಿಡುವ ಮೊದಲೇ ನಾಲಿಗೆಗೆ ಒಂದು ಹನಿ ಇಟ್ಟು, "ಇವತ್ತು ಒಂದ್ ತಂಬಿಗೆ ಸಿಹಿನೀರು ಬೇಕು" ಎನ್ನುತ್ತಾರೆ. ಕಡ್ಡಿ ಬಿಟ್ಟರೆ ಅಷ್ಟೇ ಬೇಕಾಗಿರುತ್ತದೆ.

೧೯೮೫ರ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕರೆಂಟು ಹೋಗುತ್ತಿತ್ತು. ಮೋಟಾರು ನಿಂತರೆ ನೀರಿಗೆ ಗಾಳಿ ಇಲ್ಲ, ಮೀನು ಬಾಯಿ ಬಿಡುತ್ತವೆ. ಮೊದಮೊದಲು ಉಡಚಮ್ಮ ಚೊಂಬಿನಿಂದ ನೀರು ಎತ್ತಿ ಎತ್ತಿ ಹುಯ್ಯುತ್ತ ನಿಂತರು. ತೋಳು ಊದಿತು. ಆಮೇಲೆ ಬಸ್ ಸ್ಟ್ಯಾಂಡಿನ ಪಾಪಣ್ಣನ ಸೈಕಲ್ ಷಾಪಿನಲ್ಲಿ ಲಾರಿಯ ಹಳೇ ಟ್ಯೂಬಿಗೆ ಗಾಳಿ ತುಂಬಿಸಿ, ತಲೆ ಮೇಲೆ ಹೊತ್ತು ತಂದು, ಅದರ ಬಾಯಿಗೆ ಸಣ್ಣ ಪೈಪು ಬಿಗಿದು ತೊಟ್ಟಿಗೆ ಬಿಟ್ಟರು. ಗಾಳಿ ಗುಳುಗುಳು ಎಂದು ಎರಡು ಗಂಟೆ ಬಂತು. ದಿನಕ್ಕೆರಡು ಟ್ಯೂಬು, ಇಡೀ ಬೇಸಿಗೆ. ಆ ವರ್ಷ ಒಂದು ಮೀನೂ ಸಾಯಲಿಲ್ಲ.

ಆ ಮಳೆಗಾಲದಲ್ಲಿ ಪತ್ರಿಕೆಯೊಂದರಲ್ಲಿ ತೊಟ್ಟಿಯ ಚಿತ್ರ ಬಂತು. ಪಂಚಾಕ್ಷರಪ್ಪನವರು ರೇಷ್ಮೆ ಶಲ್ಯ ಹೊದ್ದು ಪಕ್ಕದಲ್ಲಿ ನಿಂತಿದ್ದಾರೆ. ಲಾರಿ ಟ್ಯೂಬಿನ ಉಪಾಯ ಅವರದೆಂದು ಕೆಳಗೆ ಅಚ್ಚಾಗಿದೆ. ಚಿತ್ರದ ಎಡ ಅಂಚಿನಲ್ಲಿ ಯಾರದೋ ಮೊಣಕೈ ಕಾಣುತ್ತದೆ, ಒದ್ದೆ ಮೊಣಕೈ. ಹೆಸರಿಲ್ಲ. ಅದನ್ನು ಬರೆದವರು ಆ ಮೊಣಕೈ ಯಾರದೆಂದು ಒಂದು ಮಾತು ಕೇಳಿದ್ದರೆ ಈ ಲೇಖನ ಎರಡು ವರ್ಷ ತಡವಾಗುತ್ತಿರಲಿಲ್ಲ. ನಾಚಿಕೆ ಪಡಬೇಕಾದವರಲ್ಲಿ ಪತ್ರಿಕೆಯವರೂ ಇದ್ದೇವೆ.

ಆದರೆ ನಿಜವಾದ ಅನ್ಯಾಯ ನಡೆದದ್ದು ಕಳೆದ ವರ್ಷ, ೧೯೮೬ರ ಫೆಬ್ರವರಿಯಲ್ಲಿ, ಪಂಚಾಕ್ಷರಪ್ಪನವರ ಮಗಳ ಮದುವೆಯ ಹೊತ್ತಿನಲ್ಲಿ.

"ಬೀಗರು ಬಂದು ಇಳ್ಕಂತಾರೆ. ಹನ್ನೊಂದು ದಿನ ಈ ಕಡೆ ಬರಬ್ಯಾಡ," ಎಂದರು ಸಾವ್ಕಾರರು.

"ತಳದವು ಹನ್ನೊಂದು ದಿನ ತಡಿಯಲ್ಲ ಸಾವ್ಕಾರ್ರೆ. ಯಾರೂ ಏಳೋಕಿಂತ ಮುಂಚೆ ಬಂದು ಹಾಕಿ ಹೋಗ್ತೀನಿ."

"ಹಾಕಾಕೆ ಡ್ರೈವರ್ ಅದಾನೆ."

"ಅವ್ರಿಗೆ ಮೇಲಿನವು ಕಾಣ್ತಾವೆ, ತಳದವು ಕಾಣಲ್ಲ."

"ಹೇಳಿದ್ದಷ್ಟು ಕೇಳು."

ಉಡಚಮ್ಮ ಕೇಳಿದರು. ಒಂಬತ್ತು ತಳದ ಮೀನುಗಳನ್ನು ಎಣಿಸಿ, ಡ್ರೈವರಿಗೆ ಕೊಳವೆ ಹಿಡಿಯುವುದನ್ನು ತೋರಿಸಿ ಹೋದರು. ಡ್ರೈವರು ಕೊಳವೆ ಮುಟ್ಟಲಿಲ್ಲ, ಎರಡು ಹೊತ್ತು ಒಂದೊಂದು ಹಿಡಿ ಒಣ ಸೀಗಡಿ ಎರಚಿ ಮದುವೆ ಓಡಾಟಕ್ಕೆ ಹೋದ. ಬೀಗರ ಮಕ್ಕಳು ಮಂಡಕ್ಕಿ, ಬೂಂದಿ ಹಾಕಿ ಆಡಿದರು. ದೊಡ್ಡವರು ಬೇಡ ಅನ್ನಲಿಲ್ಲ. ಒಂಬತ್ತನೆಯ ದಿನ ಪಡಸಾಲೆಯಲ್ಲಿ ವಾಸನೆ ಎದ್ದಿತು. ಯಾರೋ ಊದುಬತ್ತಿ ಹಚ್ಚಿದರು.

ಹನ್ನೆರಡನೆಯ ದಿನ ಉಡಚಮ್ಮ ಬಂದಾಗ ನೀರು ತೆಳು ಮಜ್ಜಿಗೆಯಂತಾಗಿತ್ತು. ಒಂಬತ್ತರಲ್ಲಿ ನಾಲ್ಕು ಸತ್ತು, ಅವುಗಳಲ್ಲಿ ಎರಡು ಕಲ್ಲಿನ ಕೆಳಗೇ ಕೊಳೆತಿದ್ದವು. ತೆಗೆಯಲು ಕೈ ಹಾಕುವಷ್ಟರಲ್ಲಿ, ಹೊರಟು ನಿಂತಿದ್ದ ಬೀಗರ ಎದುರಿಗೇ ಪಂಚಾಕ್ಷರಪ್ಪನವರು ಎಗರಾಡಿದರು.

"ಹೋಗಾಗ ಏನ್ ಹಾಕಿ ಹೋಗಿದ್ದೆ ಇದಕ್ಕೆ?"

"ಹನ್ನೊಂದು ದಿನ ಈ ನೆಲ ತುಳಿದಿಲ್ಲ ಸಾವ್ಕಾರ್ರೆ. ನೀವೇ ಬರಬ್ಯಾಡ ಅಂದಿದ್ರಿ."

"ಎದುರು ಮಾತಾಡ್ತೀಯಾ? ನಡಿ ಆಚೆ. ಇನ್ನು ಈ ಕಡೆ ತಲೆ ಹಾಕಬ್ಯಾಡ."

ಡ್ರೈವರು ಅಲ್ಲೇ ಇದ್ದ, ಕಾಲ ಹೆಬ್ಬೆರಳು ನೋಡುತ್ತ ನಿಂತ. ರುದ್ರಾಣಮ್ಮ ಅಲ್ಲೇ ಇದ್ದರು. ಏನಾಯಿತೆಂದು ಆ ಮನೆಯ ಒಬ್ಬೊಬ್ಬರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ತೆರೆಯಲಿಲ್ಲ. ಉಡಚಮ್ಮ ಕೊಳವೆಯನ್ನು ತೊಳೆದು, ಒರೆಸಿ, ತೊಟ್ಟಿಯ ಅಂಚಿನ ಮೇಲಿಟ್ಟು, ಬಂದ ದಾರಿಯಲ್ಲೇ ಹೊರಟುಹೋದರು.

"ಬೈದಿದ್ದಕ್ಕೆ ಬ್ಯಾಸರ ಆಗ್ಲಿಲ್ರಿ. ಬೈಗಳ ಕೇಳಿ ಕೇಳಿ ಕಿವಿ ತೂತಾಗ್ಯಾವೆ. ಆದ್ರೆ ಎಂಟು ವರ್ಷ ಸಾಕಿದ ಕೈ ಇದು. ಇದೇ ಕೈ ಸಾಯಿಸ್ತು ಅಂದ್ರಲ್ಲ. ಅದು ತಡ್ಕಳಾಕೆ ಆಗ್ಲಿಲ್ಲ," ಎನ್ನುವಾಗ ಅವರ ದನಿ ಗಟ್ಟಿಯಾಗುತ್ತದೆ. ಸಾಕಿದ್ದು ಎಂಟಲ್ಲ, ಆಗಿನ್ನೂ ಏಳು ವರ್ಷ ಎಂದು ಗಂಡ ತಿದ್ದುತ್ತಾರೆ. ಇವರು ಕೇಳಿಸಿಕೊಳ್ಳುವುದಿಲ್ಲ.

ಮರುದಿನದಿಂದಲೇ ಅಡಿಕೆ ಸುಲಿಯಲು ಹೋದರು. ಆರನೆಯ ದಿನ ಕೇರಿಯ ಬಾಯಲ್ಲಿ ಕಾರು ನಿಂತಿತು. ಡ್ರೈವರು ಇಳಿದು, "ಸಾವ್ಕಾರ್ರು ಕರೀತಾರೆ, ಬರ್ಬೇಕಂತೆ" ಎಂದ.

"ಬೇಕಾದೋರು ಬರ್ಲಿ," ಎಂದು ಉಡಚಮ್ಮ ಕತ್ತಿ ಬಿಡದೆ ಸುಲಿಯುತ್ತ ಕೂತರು. ಚಿಕ್ಕಹನುಮಂತಪ್ಪ ಪಕ್ಕಕ್ಕೆ ಬಂದು ಕೂತರು. "ಮಂಡಿ ಅವ್ರದು, ಮೂಟೆ ಅವ್ರದು. ಯಾಕೆ ಎದುರು ಹಾಕ್ಕಂತೀಯ?" ಎಂದರು.

"ನೀನು ಮೂಟೆ ಹೊರಾಕೆ ಹೋಗು. ಇದು ನಂದು," ಎಂದರಂತೆ ಉಡಚಮ್ಮ.

ಮಾರನೆಯ ದಿನ ಪಂಚಾಕ್ಷರಪ್ಪನವರೇ ಬಂದರು. ಕೇರಿಯೊಳಗೆ ಕಾಲಿಡಲಿಲ್ಲ, ದಾರಿಯ ಮೇಲೇ ನಿಂತರು.

"ಐದು ಉಳಿದಾವೆ, ಉಡಚಮ್ಮ," ಎಂದರು. ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಲ್ಲಿ ಆ ಹೆಸರಿಗೆ ಅಮ್ಮ ಸೇರಿದ್ದು ಅದೇ ಮೊದಲು.

"ಉಸುರು ಹೆಂಗೆ ಆಡ್ತಾವೆ?"

"ಮಗ್ಗುಲಾಗಿ ಮಲಗ್ಯಾವೆ. ಬೊಂಬಾಯಿಗೆ ಫೋನ್ ಮಾಡ್ಸಿದೆ. ನೀರು ಬದಲಿ ಮಾಡಿ ಅಂತಾರೆ. ಹೆಂಗೆ ಅಂತ ಯಾರಿಗೂ ತಿಳೀವಲ್ದು."

"ಬರ್ತೀನಿ," ಎಂದರು ಉಡಚಮ್ಮ. "ದಿನಾ ಆರೇಳು ಡಬ್ಬ ಬದಲಿ ಮಾಡ್ಬೇಕು, ಅಷ್ಟು ಬಾವಿ ನೀರಿಗೆ ಉಪ್ಪು ಕಲಸಬೇಕು. ಸಿದ್ದಲಿಂಗಮ್ಮಾರು ಬಂದು ಹುಯ್ಯೋತನಕ ಬಕೆಟ್ ಹಿಡ್ಕಂಡು ನಿಂತ್ಕಳಾಕೆ ಆಗಲ್ಲ. ನೀರು ನಾನೇ ಸೇದ್ತೀನಿ. ಮುಂದ್ಲ ಬಾಗ್ಲಿಂದ ಬರ್ತೀನಿ, ಮುಂದ್ಲ ಬಾಗ್ಲಿಂದ ಹೋಗ್ತೀನಿ."

ಪಂಚಾಕ್ಷರಪ್ಪನವರು ಕಾರಿನ ಕಡೆ ತಿರುಗಿ, "ಮನೇಲಿ ಕೇಳ್ಬೇಕು" ಎಂದರು.

"ಕೇಳ್ಕಂಡ್ ಬರ್ರಿ. ನಾನು ಇಲ್ಲೇ ಇರ್ತೀನಿ. ಅವು ಇರ್ತಾವೋ ಇಲ್ವೋ ಹೇಳಾಕೆ ಆಗಲ್ಲ."

ಕಾರು ಒಂದು ಗಂಟೆಯೊಳಗೆ ವಾಪಸು ಬಂತು. ಉಡಚಮ್ಮ ಮುಂದಿನ ಬಾಗಿಲಿನಿಂದ ಒಳಗೆ ಹೋಗಿ, ತೊಟ್ಟಿ ನೋಡಿ, ಹಿಂದೆ ಬಂದು ಬಾವಿಕಟ್ಟೆ ಹತ್ತಿದರು. ಸಿದ್ದಲಿಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ಬಾಯಿ ಮೇಲೆ ಕೈ ಇಟ್ಟು ನಿಂತರು. ಹಗ್ಗ ರಾಟೆಯ ಮೇಲೆ ಓಡಿತು, ಕೊಡ ತುಂಬಿತು, ಮೇಲೆ ಬಂತು. ಬಾವಿ ಬತ್ತಲಿಲ್ಲ. ನೀರು ಕೆಡಲಿಲ್ಲ. ಮನೆಗೆ ಯಾವ ಕೇಡೂ ಬರಲಿಲ್ಲ.

ಇದನ್ನು ಓದಿ ಪಂಚಾಕ್ಷರಪ್ಪನವರ ದೊಡ್ಡತನವನ್ನು ಹೊಗಳುವವರು ಇರಬಹುದು. ಹೊಗಳುವ ಮೊದಲು ಒಂದು ಗಳಿಗೆ ತಡೆಯಬೇಕು. ಹತ್ತೊಂಬತ್ತು ವರ್ಷ ಒಬ್ಬ ಹೆಣ್ಣುಮಗಳು ಆ ಬಾವಿಯ ಪಕ್ಕದಲ್ಲೇ ದುಡಿದರೂ ಅವಳಿಗಾಗಿ ಅದು ತೆರೆಯಲಿಲ್ಲ. ಕಾನೂನಿಗಾಗಿ ತೆರೆಯಲಿಲ್ಲ, ಆ ಮನೆಯವರು ದಿನಾ ಬಾಯಿತುಂಬ ಹೇಳುವ ವಚನಗಳಿಗಾಗಿಯೂ ತೆರೆಯಲಿಲ್ಲ. ತೆರೆದದ್ದು ಬೆರಳುದ್ದದ ಐದು ಮೀನಿಗಾಗಿ. ಮೀನಿನ ಜೀವಕ್ಕೆ ಕೊಟ್ಟ ಬೆಲೆ ಸರಿಯಾದದ್ದೇ. ಮನುಷ್ಯರ ಮಾನಕ್ಕೆ ಅದರಲ್ಲಿ ಐದನೇ ಒಂದು ಪಾಲನ್ನೂ ಕೊಡದೆ ಇದ್ದದ್ದಕ್ಕೆ ಏನನ್ನಬೇಕು?

ಸಿದ್ದಲಿಂಗಮ್ಮ ನಲವತ್ತು ದಿನ ಪಕ್ಕದ ಮನೆಯ ಬಾವಿಯಿಂದ ಅಡುಗೆಗೆ ನೀರು ಹೊತ್ತರು. ನಲವತ್ತೊಂದನೆಯ ದಿನ ಸೊಂಟ ಹಿಡಿಯಿತು. ಯಾರಿಗೂ ಹೇಳದೆ ಮನೆ ಬಾವಿಗೇ ಹಿಂತಿರುಗಿದರು. ಈಗ ಕೆಲವು ಬೆಳಿಗ್ಗೆ, "ಹೆಂಗೂ ಸೇದ್ತಿದೀಯಲ್ಲ, ನನ್ನ ಕೊಡಕ್ಕೂ ಒಂದಿಷ್ಟು ಹಾಕು" ಎನ್ನುತ್ತಾರಂತೆ. ಆದರೂ ಉಡಚಮ್ಮ ಚಾ ಕುಡಿಯುವ ಲೋಟ ಇಂದಿಗೂ ಹಿತ್ತಲ ಗೂಡಿನಲ್ಲೇ ಇದೆ. ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬಾರದು.

ಐದು ಮೀನಿನಲ್ಲಿ ಉಳಿದದ್ದು ಮೂರು. ಹದಿನೆಂಟು ದಿನ ದಿನವೂ ಮೂರರಲ್ಲಿ ಒಂದು ಪಾಲು ನೀರು ಬದಲಿಸಿ, ಮರಳನ್ನು ಹಿಡಿಹಿಡಿಯಾಗಿ ತೊಳೆದು, ಎರಡು ಗಂಟೆಗೊಮ್ಮೆ ಒಂದೊಂದೇ ಚೂರು ತಿನ್ನಿಸಿ ಅವನ್ನು ಎಬ್ಬಿಸಿದರು. ಆಮೇಲೆ ಹೊಸದಾಗಿ ನಾಲ್ಕು ಬಂದವು. ಏಳೂ ಚೆನ್ನಾಗಿವೆ. ಆ ಹಳೆಯ ಮೂರನ್ನು ಮುಟ್ಟಿ ತೋರಿಸಬಲ್ಲರು, ಒಂದರ ರೆಕ್ಕೆಯ ತುದಿ ಆಗ ಕೊಳೆತು ಉದುರಿದ್ದು ಇನ್ನೂ ಬೆಳೆದಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಉಡಚಮ್ಮ ಸೀಗಡಿಯ ಬಟ್ಟಲು ತೊಳೆದು, ಕೈ ಒರೆಸಿಕೊಂಡು, ಮಣೆಯ ಮೇಲೆ ಕೂರುತ್ತಾರೆ. ಮಗಳು ದುರುಗಮ್ಮನನ್ನು ಜಗಳೂರು ತಾಲ್ಲೂಕಿನ ಸೊಕ್ಕೆಗೆ ಕೊಟ್ಟಿದೆ. ಮೊದಲ ಎರಡು ಹೆರಿಗೆಗೂ ಇವರಿಗೆ ಹೋಗಲಾಗಲಿಲ್ಲ. ಮೀನು ನೋಡುವವರಿಲ್ಲ ಎಂದು ರಜೆ ಸಿಗಲಿಲ್ಲ. ಮೂರನೆಯದಕ್ಕೆ ಈಗ ಏಳು ತಿಂಗಳು.

"ಒಂದ್ ತಿಂಗ್ಳು ಮಗಳ ಬಾಣಂತನ ಮಾಡ್ಬೇಕ್ರಿ. ಅಷ್ಟೇ ಆಸೆ. ಸಾವ್ಕಾರ್ರನ್ನ ಕೇಳ್ಲಿಲ್ಲ. ಅಮ್ಮಾರ ಹತ್ರನೇ ಹೋಗಿ ಹೇಳ್ದೆ. ನಾನು ಹೋಗ್ತೀನಿ, ನೀವು ಕಲ್ತ್ಕಳ್ರಿ ಅಂದೆ."

ರುದ್ರಾಣಮ್ಮ ಮೊದಲು ಆಗುವುದಿಲ್ಲ ಎಂದರು. ನಾಲ್ಕು ದಿನ ಬಿಟ್ಟು ಒಂದು ಬೆಳಿಗ್ಗೆ, ಮೂಗಿಗೆ ಸೆರಗು ಕಟ್ಟಿಕೊಂಡು ಬಂದು ಪಕ್ಕದಲ್ಲಿ ನಿಂತರು. ಮಾರನೆಯ ದಿನವೂ ಬಂದರು. ಮೊನ್ನೆ ಸೋಮವಾರ ಪೂಜೆ ಮುಗಿಸಿ ಬಂದವರು, ಕೈ ಚಾಚಿ, ಕೊಳವೆ ಕೊಡು ಎಂದರಂತೆ. ಅವರ ಕೈ ಮೇಲೆ ತಮ್ಮ ಕೈ ಇಟ್ಟು ತಳದವರೆಗೆ ಇಳಿಸಿದ್ದು ಉಡಚಮ್ಮ.

"ಮೂರು ಚೂರು ಮೇಲಿನವೇ ಹೊಡ್ಕಂಡು ಹೋದ್ವು. ನಾಲ್ಕನೇದು ತಳದ್ದು ತಿಂತು. ಇನ್ನೊಂದ್ ಹದಿನೈದು ದಿನ ಬೇಕು. ಕಲಿಸ್ತೀನಿ ಬಿಡ್ರಿ," ಎನ್ನುತ್ತಾರೆ ಉಡಚಮ್ಮ.